ಸಾಲಿನ ಮುಂದಿನ ಖಾಲಿ ಜಾಗ: ನಿಟ್ಟೂರಿನ ಬಂಡೆಯಿಂದ ಮೊಬೈಲಿನ ಕೋಡ್‌ವರೆಗೆ

ಪಹಣಿಯ 9ನೇ ಕಾಲಂನಲ್ಲಿ ಏನಿರುತ್ತದೆ, 11ನೇ ಕಾಲಂನಲ್ಲಿ ಏನಿರುತ್ತದೆ ಎಂದು ನಮ್ಮ ಊರುಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 9ರಲ್ಲಿ ಹೆಸರಿದ್ದರೆ ಹೊಲ ನಮ್ಮದು. 11ರಲ್ಲಿ ಬ್ಯಾಂಕಿನ ಹೆಸರು ಕೂತಿದ್ದರೆ ಹೊಲದ ಮೇಲೆ ಸಾಲವಿದೆ. ಅದೇ ಹೆಸರು, ಅವೇ ಅಕ್ಷರ. ಒಂದು ಮನೆ ಆಚೀಚೆ ಸರಿದರೆ ಮಾಲೀಕ ಬೇರೆಯಾಗುತ್ತಾನೆ. ಈ ಮನೆ ಹಾಕಿ ಬರೆಯುವ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಹೊಲ ಹೊಲ ಅಳೆಸಿ ಬರೆಸಿದ. ಇನ್ನೂರು ವರ್ಷದ ಮೇಲೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಬರೆದದ್ದು ಏನು ಎನ್ನುವಷ್ಟೇ, ಎಲ್ಲಿ ಬರೆದದ್ದು ಎನ್ನುವುದೂ ಮುಖ್ಯ. ಇದನ್ನು ಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೂ ಕಂಪ್ಯೂಟರ್ ಕೋಡ್ ಕಲಿಯಲು ಕೂತ ನಮ್ಮ ಹುಡುಗ ಹುಡುಗಿಯರು ಮೊದಲು ಎಡವುವುದು ಇಲ್ಲೇ. ಸಿರಿಗೇರಿ, ತೆಕ್ಕಲಕೋಟೆ, ಸಿರುಗುಪ್ಪ ಕಡೆಯಿಂದ ಬಳ್ಳಾರಿ ಬಸ್ಸು ಹತ್ತುವ ಡಿಗ್ರಿ, ಡಿಪ್ಲೊಮಾ ಮಕ್ಕಳು ಪೈಥಾನ್ ಕಲಿಯುತ್ತಾರೆ. ಎಲ್ಲರ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಫೋನಿನಲ್ಲೇ ಟೈಪ್ ಮಾಡುವವರು ಬಹಳ. ಅಕ್ಷರ ಸರಿ, ಲೆಕ್ಕ ಸರಿ, ಆದರೂ ‘ಇಂಡೆಂಟೇಶನ್ ಎರರ್’ ಎಂದು ಕೆಂಪಗೆ ಬರುತ್ತದೆ. ಎಷ್ಟು ಹುಡುಕಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ತಪ್ಪಿರುವುದು ಖಾಲಿ ಜಾಗದಲ್ಲಿ. ಕಂಪನಿಗಳ ಆನ್‌ಲೈನ್ ಪರೀಕ್ಷೆಯಲ್ಲಿ ಉತ್ತರ ನೋಡುವುದೂ ಯಂತ್ರವೇ. ‘ಹುಡುಗನಿಗೆ ವಿಷಯ ಗೊತ್ತಿದೆ, ಸ್ಪೇಸ್ ತಪ್ಪಿದೆ ಅಷ್ಟೆ’ ಎಂದು ಅದು ಕರುಣೆ ತೋರಿಸುವುದಿಲ್ಲ. ‘ನಮ್ಮ ತಲೆಗೆ ಇದು ಹತ್ತುವುದಿಲ್ಲ’ ಎಂದು ಅಲ್ಲಿಗೇ ಬಿಟ್ಟವರಿದ್ದಾರೆ. ಆದ್ದರಿಂದ ಈ ಖಾಲಿ ಜಾಗ ಎಲ್ಲಿಂದ ಬಂತು, ಅದನ್ನು ತಾನೇ ಸರಿಪಡಿಸುವ ಯಂತ್ರಗಳು ಹೇಗೆ ಹುಟ್ಟಿದವು ಎಂದು ಒಮ್ಮೆ ಹಿಂದಕ್ಕೆ ಹೋಗಿ ನೋಡೋಣ.

ಮೊದಲು, ಕೋಡ್ ಗೊತ್ತಿಲ್ಲದ ಓದುಗರಿಗಾಗಿ ಒಂದು ಉದಾಹರಣೆ. ಸುಗ್ಗಿಯಲ್ಲಿ ರಸ್ತೆ ಮೇಲೆ ಭತ್ತ ಒಣಹಾಕಿದ್ದೀರಿ. ಮನೆಯ ಹುಡುಗನಿಗೆ ಹೀಗೆ ಬರೆದುಕೊಟ್ಟಿರಿ ಎನ್ನಿ:

ಮಳೆ ಬಂದರೆ:
    ಭತ್ತ ಗುಡ್ಡೆ ಹಾಕು
    ತಾಡಪತ್ರಿ ಹೊದಿಸು
ಊಟಕ್ಕೆ ಬಾ

ಒಳಗೆ ಸರಿದಿರುವ ಎರಡು ಸಾಲು ಮಳೆ ಬಂದರೆ ಮಾತ್ರ. ಊಟಕ್ಕೆ ಮಾತ್ರ ಮಳೆ ಬಂದರೂ ಬರಬೇಕು, ಬರದಿದ್ದರೂ ಬರಬೇಕು. ಈಗ ‘ತಾಡಪತ್ರಿ ಹೊದಿಸು’ ಎನ್ನುವ ಸಾಲನ್ನು ಎಡಕ್ಕೆ, ‘ಊಟಕ್ಕೆ ಬಾ’ ಸಾಲಿನ ನೇರಕ್ಕೆ ತನ್ನಿ. ಹುಡುಗ ಸುಡುಬಿಸಿಲಿನಲ್ಲೂ ತಾಡಪತ್ರಿ ಹೊದಿಸುತ್ತಾನೆ, ಭತ್ತ ಒಣಗುವುದಿಲ್ಲ. ಒಂದಕ್ಷರವೂ ಬದಲಾಗಲಿಲ್ಲ. ಸಾಲಿನ ಮುಂದೆ ಬಿಡುವ ಈ ಜಾಗಕ್ಕೆ ಇಂಗ್ಲಿಷಿನಲ್ಲಿ ಇಂಡೆಂಟ್ ಎನ್ನುತ್ತಾರೆ. ಸೊಸೈಟಿಯವರು ‘ಗೊಬ್ಬರಕ್ಕೆ ಇಂಡೆಂಟ್ ಹಾಕಿದ್ದೇವೆ’ ಎನ್ನುತ್ತಾರಲ್ಲ, ಅದೂ ಇದೂ ಒಂದೇ ಬೇರಿನ ಮಾತು. ಲ್ಯಾಟಿನ್‌ನಲ್ಲಿ ಹಲ್ಲು ಎಂದು ಆ ಬೇರಿನ ಅರ್ಥ. ಹಿಂದೆ ಯುರೋಪಿನಲ್ಲಿ ಕರಾರನ್ನು ಒಂದೇ ಹಾಳೆಯಲ್ಲಿ ಎರಡು ಸಲ ಬರೆದು, ನಡುವೆ ಗರಗಸದ ಹಲ್ಲಿನಂತೆ ಕತ್ತರಿಸಿ ಇಬ್ಬರಿಗೂ ಒಂದೊಂದು ತುಂಡು ಕೊಡುತ್ತಿದ್ದರು. ಹಲ್ಲಿಗೆ ಹಲ್ಲು ಕೂತರೆ ಕರಾರು ಅಸಲಿ.

ನಮ್ಮ ಕಡೆಯ ಅತಿ ಹಳೆಯ ಬರಹದಲ್ಲಿ ಇಂಥ ಜಾಗ ಇರಲಿಲ್ಲ. ಸಿರಿಗೇರಿ ಇರುವ ಸಿರುಗುಪ್ಪ ತಾಲ್ಲೂಕಿನಲ್ಲೇ ನಿಟ್ಟೂರು, ಉಡೇಗೋಳ ಇವೆ. ಅಲ್ಲಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರನ್ನೂ ಹೇಳುವ ಶಾಸನಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಎರಡು ನಮ್ಮ ತಾಲ್ಲೂಕಿನವು, ಇನ್ನೊಂದು ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯದು. ಬಂಡೆಯ ಮೈ ಎಲ್ಲಿ ಸಮ ಇದೆಯೋ ಅಲ್ಲಿ ಅಕ್ಷರ ಓಡುತ್ತದೆ.

ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇನ್ನೂ ಚೆಂದದ ಸಂಗತಿಯಿದೆ. ಅಲ್ಲಿನ ಅಶೋಕನ ಒಂದು ಶಾಸನದಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಸಾಲು ಬಲದಿಂದ ಎಡಕ್ಕೆ ಇವೆ. ಹೊಲದಲ್ಲಿ ಗಳೆ ಹೊಡೆಯುವವರು ಬದು ಮುಟ್ಟಿದ ಮೇಲೆ ಎತ್ತು ತಿರುಗಿಸಿಕೊಂಡು ಹೊರಟಲ್ಲಿಗೇ ಬರುತ್ತಾರಲ್ಲ, ಹಾಗೆ. ಗ್ರೀಕರಲ್ಲಿ ಇಂಥ ಬರಹಕ್ಕೆ ಇದ್ದ ಹೆಸರಿನ ಅರ್ಥವೇ ‘ಎತ್ತು ತಿರುಗುವುದು’. ಕನ್ನಡದಲ್ಲಂತೂ ನೇಗಿಲಿನದೂ ಸಾಲೇ, ಅಕ್ಷರದ್ದೂ ಸಾಲೇ. ಬರಹದ ಚೌಕಟ್ಟು ದೇವರು ಕೊಟ್ಟದ್ದಲ್ಲ, ಒಬ್ಬೊಬ್ಬ ಲಿಪಿಕಾರ ಒಂದೊಂದು ರೀತಿ ಪ್ರಯತ್ನಿಸಿದ್ದು ಎನ್ನುವುದಕ್ಕೆ ಎರ್ರಗುಡಿಯ ಬಂಡೆಗಿಂತ ಒಳ್ಳೆಯ ಸಾಕ್ಷಿ ನಮಗೆ ಬೇರೆ ಕಾಣುವುದಿಲ್ಲ.

ಮುಂದೆ ಬಂದ ಕನ್ನಡ ಶಾಸನಗಳಲ್ಲೂ ಪದಗಳ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ಕಲ್ಲಿನ ಅಂಚು ಬಂತೆಂದರೆ ಪದದ ನಡುವೆಯೇ ಸಾಲು ಮುರಿಯುತ್ತಿತ್ತು. ತಾಳೆಗರಿಯಲ್ಲಿ ಜಾಗ ಬಿಡುತ್ತಿದ್ದರು ನಿಜ, ಆದರೆ ಅರ್ಥಕ್ಕಾಗಿ ಅಲ್ಲ. ದಾರ ಪೋಣಿಸುವ ತೂತಿನ ಸುತ್ತ ಅಕ್ಷರ ಸವೆಯದಿರಲಿ ಎಂದು. ಪದ್ಯವನ್ನೂ ಗದ್ಯದಂತೆ ಒಂದೇ ಸಮನೆ ಬರೆಯುತ್ತಿದ್ದರು. ಓದುವವನಿಗೆ ಸಾಲು ಎಲ್ಲಿ ಶುರು ಎಂದು ಹೇಗೆ ಗೊತ್ತಾಗಬೇಕು? ಛಂದಸ್ಸಿನಿಂದ. ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕೆಂಬ ಆದಿಪ್ರಾಸದ ಕಟ್ಟು ಇದೆಯಲ್ಲ, ಅದು ಕಿವಿಗೆ ಇಂಪು ಕೊಡುವುದರ ಜೊತೆಗೆ ಸಾಲಿನ ತಲೆ ಹಿಡಿದುಕೊಡುವ ಕೆಲಸವನ್ನೂ ಮಾಡಿರಬೇಕು ಎಂದು ನಮ್ಮ ಅಂದಾಜು.

ಖಾಲಿ ಜಾಗಕ್ಕೆ ತೂಕ ಬಂದದ್ದು ಅಚ್ಚುಮೊಳೆಯ ಕಾಲದಲ್ಲಿ. ಈ ಕಥೆಯಲ್ಲಿ ಬಳ್ಳಾರಿಗೆ ದೊಡ್ಡ ಪಾಲಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಮುಂದೆ ಇಲ್ಲಿ ಮಿಷನ್ನಿನ ಅಚ್ಚುಕೂಟ ನಡೆಯಿತು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. 1844ರಲ್ಲಿ ಅದು ಹೆಸರು ಬದಲಿಸಿಕೊಂಡು ಬಳ್ಳಾರಿಗೆ ಬಂತು, ಇಲ್ಲಿ ಮೊಳೆಗಳಲ್ಲಿ ಅಚ್ಚಾಯಿತು. ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವಾಗ ಬಳ್ಳಾರಿಯ ಹೆಸರು ಯಾರೂ ಎತ್ತುವುದಿಲ್ಲ. ಪತ್ರಿಕೋದ್ಯಮ ಓದಿದ ನಮಗೆ ಅದೊಂದು ಸಣ್ಣ ಅಸಮಾಧಾನ.

ಮೊಳೆ ಜೋಡಿಸುವವನಿಗೆ ಖಾಲಿ ಜಾಗ ಎಂದರೆ ಬರೀ ಖಾಲಿ ಅಲ್ಲ. ಅದೂ ಒಂದು ಸೀಸದ ತುಂಡು. ಅಕ್ಷರದ ಮೊಳೆಗಿಂತ ಗಿಡ್ಡ ಇರುವುದರಿಂದ ಮಸಿ ಹತ್ತುವುದಿಲ್ಲ, ಅಷ್ಟೆ. ಪ್ಯಾರಾದ ಮೊದಲ ಸಾಲು ಒಳಗೆ ಸರಿಯಬೇಕೆಂದರೆ ಆ ತುಂಡನ್ನು ಬೆರಳಿನಿಂದ ಎತ್ತಿ ಇಡಬೇಕು. ಸಾಲಿನ ಕೊನೆ ನೇರ ಬರಬೇಕೆಂದರೆ ಪದಗಳ ನಡುವೆ ತೆಳ್ಳನೆಯ ತುಂಡುಗಳನ್ನು ತುರುಕಿ ಹೊಂದಿಸಬೇಕು. ಕಂಪ್ಯೂಟರ್ ಇವತ್ತಿಗೂ ಹಾಗೆಯೇ ಲೆಕ್ಕ ಹಾಕುತ್ತದೆ: ‘ಅ’ ಹೇಗೆ ಒಂದು ಅಕ್ಷರವೋ ಸ್ಪೇಸೂ ಹಾಗೆಯೇ ಒಂದು ಅಕ್ಷರ.

ಆಮೇಲೆ ಬಂದದ್ದು ಟೈಪ್‌ರೈಟರ್. ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆಗೆ ಕೂತವರು ಸ್ಟೇಟ್‌ಮೆಂಟ್ ಹೊಡೆದಿರುತ್ತಾರೆ. ಅಂಕಿಗಳನ್ನು ಮನೆ ಮನೆಯಾಗಿ ಒಂದರ ಕೆಳಗೊಂದು ಕೂರಿಸುವುದು. ಪ್ರತಿ ಸಾಲಿಗೂ ಸ್ಪೇಸ್ ಎಣಿಸುತ್ತ ಕೂರಬಾರದೆಂದು ಮಾಡಿದ್ದೇ ಟ್ಯಾಬ್ ಗುಂಡಿ. ಟೇಬಲ್ ಹಾಕಿಕೊಡುವ ಗುಂಡಿ, ಆದ್ದರಿಂದ ಟ್ಯಾಬುಲೇಟರ್. ಒತ್ತಿದರೆ ಗಾಡಿ ಮೊದಲೇ ಗುರುತಿಟ್ಟ ಜಾಗಕ್ಕೆ ಹಾರಿ ನಿಲ್ಲುತ್ತದೆ. ಒಂದು ಹಾರು ಎಷ್ಟು ದೂರ ಎನ್ನುವುದು ಯಂತ್ರದಲ್ಲಿ ಗುರುತು ಇಟ್ಟವರ ಮೇಲೆ ಹೋಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಜಗಳ ಹತ್ತುವುದು ಇದಕ್ಕೇ.

ಕಂಪ್ಯೂಟರಿಗೆ ಮೊದಮೊದಲು ಕೋಡ್ ಕೊಡುತ್ತಿದ್ದದ್ದು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು. ಐಬಿಎಂ 1928ರಲ್ಲಿ ತಂದ ಕಾರ್ಡಿನಲ್ಲಿ 80 ಮನೆ. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆ ಥೇಟ್ ಪಹಣಿಯೇ: 1ರಿಂದ 5ನೇ ಮನೆ ಸಾಲಿನ ಸಂಖ್ಯೆಗೆ, 6ನೆಯದು ‘ಹಿಂದಿನ ಸಾಲೇ ಮುಂದುವರಿದಿದೆ’ ಎನ್ನುವ ಗುರುತಿಗೆ, 7ರಿಂದ 72ರವರೆಗೆ ಅಸಲು ಕೋಡ್. ಒಂದು ಮನೆ ತಪ್ಪಿ ತೂತು ಬಿದ್ದರೆ ಆ ಕಾರ್ಡು ಕೆಟ್ಟಿತು. 1960ರ ಆಲ್ಗಾಲ್ ಭಾಷೆ ಈ ಕಟ್ಟು ಬಿಚ್ಚಿತು. ಎಲ್ಲಿ ಬೇಕಾದರೂ ಬರೆ, ‘ಶುರು’, ‘ಮುಗಿಯಿತು’ ಎಂದು ಪದ ಹಾಕಿ ತೋರಿಸು, ಸಾಕು ಎಂದಿತು. ಯಂತ್ರಕ್ಕೆ ಖಾಲಿ ಜಾಗ ಬೇಡವಾಯಿತು. ಆದರೆ ಮನುಷ್ಯರ ಕಣ್ಣಿಗೆ ಬೇಕೇ ಬೇಕಿತ್ತು. ಹೀಗೆ ಯಂತ್ರ ಓದುವುದು ಒಂದು, ಮನುಷ್ಯ ಓದುವುದು ಇನ್ನೊಂದು ಆಯಿತು. ಈ ಕಥೆಯ ಎಲ್ಲ ತೊಂದರೆಯೂ ಆ ಬಿರುಕಿನಿಂದ ಬಂದದ್ದು.

ಬಿರುಕು ಮುಚ್ಚಲು ಎರಡು ದಾರಿ ಹುಟ್ಟಿದವು. ಒಂದು, ಖಾಲಿ ಜಾಗವೇ ಅರ್ಥ ಹೇಳಲಿ ಎನ್ನುವುದು. ಬ್ರಿಟನ್ನಿನ ಪೀಟರ್ ಲ್ಯಾಂಡಿನ್ 1966ರಲ್ಲಿ ಇದಕ್ಕೆ ನಿಯಮ ಬರೆದು ‘ಆಫ್‌ಸೈಡ್’ ಎಂದು ಫುಟ್‌ಬಾಲ್ ಆಟದ ಹೆಸರಿಟ್ಟ. ಗೆರೆಗಿಂತ ಎಡಕ್ಕೆ ಬಂದ ಮಾತು ಆ ಗುಂಪಿನ ಹೊರಗೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎಬಿಸಿ ಎಂಬ ಭಾಷೆ ಇದೇ ದಾರಿ ಹಿಡಿಯಿತು. ಆ ತಂಡದಲ್ಲಿ ಕೆಲಸ ಮಾಡಿದ್ದ ಗೀಡೊ ವಾನ್ ರಾಸಮ್ 1989ರ ಡಿಸೆಂಬರಿನಲ್ಲಿ ಶುರುಮಾಡಿ 1991ರಲ್ಲಿ ಹೊರಗೆ ಬಿಟ್ಟದ್ದೇ ಪೈಥಾನ್.

ಇನ್ನೊಂದು ದಾರಿ, ಅರ್ಥ ಕಂಸಗಳಲ್ಲಿ ಇರಲಿ, ಖಾಲಿ ಜಾಗವನ್ನು ಯಂತ್ರವೇ ಹಾಕಲಿ ಎನ್ನುವುದು. ಲಿಸ್ಪ್ ಎಂಬ ಭಾಷೆಯಲ್ಲಿ ಕಂಸದೊಳಗೆ ಕಂಸ, ಅದರೊಳಗೆ ಕಂಸ. ಅದನ್ನು ಓದಲಾಗದೆ 1960ರ ದಶಕದಲ್ಲಿ ಅಮೆರಿಕದ ಎಂಐಟಿಯ ಬಿಲ್ ಗಾಸ್ಪರ್ ಕೋಡನ್ನು ತಾನೇ ಒಪ್ಪವಾಗಿ ಜೋಡಿಸಿ ತೋರಿಸುವ ಪ್ರೋಗ್ರಾಂ ಬರೆದ. 1976ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸಿ ಭಾಷೆಗೆ ‘ಇಂಡೆಂಟ್’ ಎಂಬ ಪ್ರೋಗ್ರಾಮೇ ಬಂತು. ಅದೇ ಸುಮಾರಿಗೆ ಬಿಲ್ ಜಾಯ್ ಬರೆದ ವಿಐ ಎಂಬ ಎಡಿಟರಿನಲ್ಲಿ ಎಂಟರ್ ಒತ್ತಿದರೆ ಹೊಸ ಸಾಲು ಹಿಂದಿನ ಸಾಲಿನ ನೇರಕ್ಕೇ ಶುರುವಾಗುವ ಸೌಕರ್ಯ ಇತ್ತು. ಇವತ್ತು ನಿಮ್ಮ ಫೋನಿನ ಕೋಡ್ ಆ್ಯಪ್ ಎಂಟರ್ ಒತ್ತಿದಾಗ ಮಾಡುವುದು ಅದನ್ನೇ.

ಆದರೆ ಎಷ್ಟು ಜಾಗ ಬಿಡಬೇಕು? ಟ್ಯಾಬೋ, ಸ್ಪೇಸೋ? ಲಿನಕ್ಸ್ ಬರೆದ ಲಿನಸ್ ಟಾರ್ವಾಲ್ಡ್ಸ್ ತನ್ನ ನಿಯಮದಲ್ಲಿ ಟ್ಯಾಬ್ ಎಂದರೆ 8 ಅಕ್ಷರ ಎಂದ. 2001ರಲ್ಲಿ ಬಂದ ಪೈಥಾನ್ ಬರಹದ ನಿಯಮಾವಳಿ 4 ಸ್ಪೇಸ್ ಎಂದಿತು. ಇನ್ನು ಕೆಲವರದು 2. ಒಬ್ಬನ ಪರದೆಯಲ್ಲಿ ನೇರ ಕಂಡ ಸಾಲು ಇನ್ನೊಬ್ಬನ ಪರದೆಯಲ್ಲಿ ಡೊಂಕು, ಯಾಕೆಂದರೆ ಟ್ಯಾಬ್ ಎಷ್ಟು ದೂರ ಹಾರಬೇಕೆನ್ನುವುದು ಅವರವರ ಯಂತ್ರದ ಗುರುತು. ಪೈಥಾನ್‌ನಲ್ಲಿ ಇದು ಕಣ್ಣಿನ ಸಮಸ್ಯೆಯಾಗಿ ಉಳಿಯಲಿಲ್ಲ, ಅರ್ಥವೇ ತಿರುಗುವ ಅಪಾಯವಿತ್ತು. ಅದಕ್ಕೇ 2008ರ ಪೈಥಾನ್ 3, ಅರ್ಥ ಗೊಂದಲವಾಗುವಂತೆ ಟ್ಯಾಬು ಸ್ಪೇಸು ಬೆರೆಸಿದರೆ ಕೋಡ್ ಓಡಿಸುವುದೇ ಇಲ್ಲ ಎಂದಿತು. ನಮ್ಮ ಮಕ್ಕಳು ನೋಡುವ ‘ಟ್ಯಾಬ್ ಎರರ್’ ಇದೇ. ಯೂಟ್ಯೂಬ್ ನೋಡಿ ಅರ್ಧ ಟೈಪ್ ಮಾಡಿ, ಉಳಿದರ್ಧ ಗೆಳೆಯ ಕಳಿಸಿದ್ದರಿಂದ ಕಾಪಿ ಮಾಡಿ ಅಂಟಿಸಿದಾಗ ಬರುವುದು.

ಇದೆಲ್ಲ ಕಲಿಯುವ ಮಕ್ಕಳ ತೊಂದರೆ, ದೊಡ್ಡವರಿಗೆ ಬರುವುದಿಲ್ಲ ಎಂದುಕೊಳ್ಳಬೇಡಿ. 2014ರ ಫೆಬ್ರವರಿ 21ರಂದು ಆಪಲ್ ಕಂಪನಿ ತನ್ನ ಐಫೋನ್‌ಗಳಿಗೆ ತುರ್ತಾಗಿ ಒಂದು ಅಪ್‌ಡೇಟ್ ಬಿಟ್ಟಿತು. ಬ್ಯಾಂಕಿನಂಥ ಸೈಟಿಗೆ ಹೋದಾಗ ‘ಇದು ನಿಜವಾದ ಬ್ಯಾಂಕೇ’ ಎಂದು ಸಹಿ ನೋಡಿ ಖಾತ್ರಿಪಡಿಸುವ ಕೋಡಿನಲ್ಲಿ ‘ಕೊನೆಗೆ ಹಾರು’ ಎನ್ನುವ ಒಂದೇ ಸಾಲು ಎರಡು ಸಲ ಬಿದ್ದಿತ್ತು. ಮೇಲೆ ‘ತಪ್ಪಿದ್ದರೆ’ ಎಂಬ ಷರತ್ತು, ಕೆಳಗೆ ಒಳಗೆ ಸರಿದ ಎರಡು ಸಾಲು. ಕಣ್ಣಿಗೆ ಎರಡೂ ಷರತ್ತಿನೊಳಗೆ ಇದ್ದಂತೆ ಕಾಣುತ್ತದೆ. ಆದರೆ ಸಿ ಭಾಷೆಯಲ್ಲಿ ಕಂಸ ಹಾಕದಿದ್ದರೆ ಷರತ್ತು ಒಂದೇ ಸಾಲಿಗೆ ಸೀಮಿತ. ಎರಡನೆಯದು ಷರತ್ತಿನ ಹೊರಗೆ ಬಿದ್ದು, ತಪ್ಪಿರಲಿ ಬಿಡಲಿ ಪ್ರತಿ ಸಲವೂ ಕೊನೆಗೆ ಹಾರಿ, ಸಹಿ ನೋಡುವ ಕೆಲಸವನ್ನೇ ದಾಟಿಹೋಗುತ್ತಿತ್ತು. ನಮ್ಮ ಭತ್ತದ ಚೀಟಿಯಲ್ಲಿ ತಾಡಪತ್ರಿಯ ಸಾಲು ಒಳಗೆ ಕಂಡರೂ ಹುಡುಗ ಅದನ್ನು ಹೊರಗೆ ಎಂದು ಓದಿದ ಹಾಗೆ. ಆ ಕಡತವನ್ನು ಒಂದು ಫಾರ್ಮ್ಯಾಟರ್ ಮೇಲೆ ಹಾಯಿಸಿದ್ದರೆ ಅದು ಎರಡನೇ ಸಾಲನ್ನು ಎಡಕ್ಕೆ ಎಳೆದು ನಿಲ್ಲಿಸುತ್ತಿತ್ತು. ನೋಡಿದವರಿಗೆ ‘ಇದೇನು ಇಲ್ಲಿ’ ಅನ್ನಿಸುತ್ತಿತ್ತು. ಎರಡು ವರ್ಷದ ಮೇಲೆ, 2016ರಲ್ಲಿ, ಜಿಸಿಸಿ ಎಂಬ ಹೆಸರಾಂತ ಕಂಪೈಲರ್ ‘ಈ ಇಂಡೆಂಟ್ ದಾರಿ ತಪ್ಪಿಸುತ್ತಿದೆ’ ಎಂದು ಎಚ್ಚರಿಸುವುದನ್ನು ಕಲಿತುಕೊಂಡಿತು.

ಅಷ್ಟು ಹೊತ್ತಿಗೆ ಗಾಳಿ ಯಂತ್ರದ ಕಡೆ ತಿರುಗಿತ್ತು. 2009ರ ನವೆಂಬರಿನಲ್ಲಿ ಗೂಗಲ್ ‘ಗೋ’ ಭಾಷೆ ಬಿಟ್ಟಾಗ ಅದರ ಜೊತೆಗೇ ಒಂದು ಫಾರ್ಮ್ಯಾಟರ್ ಕೊಟ್ಟಿತು. ಅದಕ್ಕೆ ಆಯ್ಕೆಗಳೇ ಇಲ್ಲವೆನ್ನಬಹುದು. ನಿಮಗೆ ಎರಡು ಸ್ಪೇಸ್ ಇಷ್ಟವೋ ನಾಲ್ಕೋ ಎಂದು ಅದು ಕೇಳುವುದಿಲ್ಲ, ಟ್ಯಾಬ್ ಹಾಕುತ್ತದೆ, ಮುಗಿಯಿತು. ಬೈಯುವವರೂ ಅದನ್ನೇ ಬಳಸಿದರು, ಯಾಕೆಂದರೆ ಜಗಳ ನಿಂತಿತು. 2017ರಲ್ಲಿ ಜೇಮ್ಸ್ ಲಾಂಗ್ ಜಾವಾಸ್ಕ್ರಿಪ್ಟಿಗೆ ‘ಪ್ರೆಟಿಯರ್’ ತಂದ. 2018ರಲ್ಲಿ ಪೋಲೆಂಡಿನ ಉಕಾಶ್ ಲಾಂಗಾ ಪೈಥಾನ್‌ಗೆ ‘ಬ್ಲ್ಯಾಕ್’ ತಂದ. ಕಪ್ಪು ಬಣ್ಣ ಬೇಕಾದರೆ ಯಾವ ಬಣ್ಣದ ಕಾರಾದರೂ ಕೊಡುತ್ತೇನೆ ಎಂದ ಹೆನ್ರಿ ಫೋರ್ಡ್‌ನ ತಮಾಷೆಯಿಂದ ಆ ಹೆಸರು. ಪ್ರೆಟಿಯರ್ ಒಂದು ಸಾಲನ್ನು ಎಷ್ಟು ಉದ್ದಕ್ಕೆ ಬಿಡುತ್ತದೆ ಗೊತ್ತೇ? 80 ಅಕ್ಷರ. 1928ರ ರಟ್ಟಿನ ಕಾರ್ಡು ಇನ್ನೂ ಸತ್ತಿಲ್ಲ.

ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದರೆ ಯಾರಿಗಾದರೂ ಬಿಗಿಯಾಗುತ್ತದೆ. ಕಣ್ಣು ಕಾಣದ ಪ್ರೋಗ್ರಾಮರ್‌ಗಳು ಬ್ರೈಲ್ ಪಟ್ಟಿಯ ಮೇಲೆ ಬೆರಳಾಡಿಸಿ ಕೋಡ್ ಓದುತ್ತಾರೆ. ಆ ಪಟ್ಟಿಯಲ್ಲಿ ಬಹಳ ಸಲ ಇರುವುದೇ 40 ಮನೆ. ನಾಲ್ಕು ನಾಲ್ಕು ಸ್ಪೇಸ್ ಹಾಕಿ ಮೂರು ಹಂತ ಒಳಗೆ ಹೋದರೆ 12 ಮನೆ ಖಾಲಿಗೇ ಹೋಯಿತು. ಟ್ಯಾಬ್ ಆದರೆ ಮೂರೇ ಮನೆಯಲ್ಲಿ ಮುಗಿಯುತ್ತದೆ. ಟ್ಯಾಬ್ ಪರ ಇರುವ ವಾದಗಳಲ್ಲಿ ನಮಗೆ ಒಪ್ಪಿಗೆಯಾದದ್ದು ಇದೊಂದು. ಉಳಿದವು ಅಭ್ಯಾಸದ ಮಾತು.

ಈಗ ಕೆಲಸದ ವಿಷಯ. ಕಾಲೇಜು ಲ್ಯಾಬಿನಲ್ಲೋ ಮನೆಯಲ್ಲೋ ವಿಎಸ್ ಕೋಡ್ ಇದ್ದರೆ (2015ರಲ್ಲಿ ಬಂದದ್ದು, ದುಡ್ಡು ಕೊಡಬೇಕಾಗಿಲ್ಲ) ಸೆಟ್ಟಿಂಗ್ಸ್ ತೆರೆದು ‘ಫಾರ್ಮ್ಯಾಟ್ ಆನ್ ಸೇವ್’ ಎಂದು ಹುಡುಕಿ ಟಿಕ್ ಮಾಡಿ. ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ‘ಬ್ಲ್ಯಾಕ್ ಫಾರ್ಮ್ಯಾಟರ್’ ಹಾಕಿಕೊಂಡು, ಪೈಥಾನ್‌ಗೆ ಅದನ್ನೇ ಡೀಫಾಲ್ಟ್ ಫಾರ್ಮ್ಯಾಟರ್ ಎಂದು ಆರಿಸಿ. ಇನ್ನು ಮುಂದೆ ಸೇವ್ ಮಾಡಿದಾಗಲೆಲ್ಲ ಕೋಡ್ ತಾನೇ ಒಪ್ಪವಾಗುತ್ತದೆ. ಫೋನಿನಲ್ಲಿ ಕಲಿಯುವವರು ಕೀಬೋರ್ಡಿನ ಮೇಲೆ ಬೇರೆಯಾಗಿ ಟ್ಯಾಬ್ ಗುಂಡಿ ಕೊಡುವ ಕೋಡ್ ಆ್ಯಪನ್ನೇ ಹಾಕಿಕೊಳ್ಳಿ. ಹೆಬ್ಬೆರಳಿನಲ್ಲಿ ನಾಲ್ಕು ನಾಲ್ಕು ಸ್ಪೇಸ್ ಒತ್ತುತ್ತ ಕೂರಬೇಡಿ.

ಆದರೆ ಒಂದು ಮಾತು. ಸಿ, ಜಾವಾ, ಗೋ ಭಾಷೆಗಳಲ್ಲಿ ಅರ್ಥ ಕಂಸದಲ್ಲಿದೆ, ಆದ್ದರಿಂದ ನೀವು ಹೇಗೆ ಚೆಲ್ಲಾಪಿಲ್ಲಿ ಬರೆದರೂ ಫಾರ್ಮ್ಯಾಟರ್ ನೇರ ಮಾಡಿಕೊಡುತ್ತದೆ. ಪೈಥಾನ್‌ನಲ್ಲಿ ಖಾಲಿ ಜಾಗವೇ ಅರ್ಥ. ತಾಡಪತ್ರಿಯ ಸಾಲು ಮಳೆಗೆ ಸೇರಿದ್ದೋ ಊಟಕ್ಕೆ ಸೇರಿದ್ದೋ ಬ್ಲ್ಯಾಕ್‌ಗೆ ಹೇಗೆ ಗೊತ್ತಾಗಬೇಕು? ಮೂರು ಸ್ಪೇಸ್ ಇದ್ದಲ್ಲಿ ನಾಲ್ಕು ಮಾಡುತ್ತದೆ, ಗೆರೆ ತಪ್ಪಿದ ಸಾಲನ್ನು ಸರಿಯಾದ ಷರತ್ತಿನ ಕೆಳಗೆ ತಂದು ಕೂರಿಸಲಾರದು. ಪಹಣಿಯ ಮನೆಗಳನ್ನು ಕಂಪ್ಯೂಟರ್ ಎಷ್ಟೇ ಚೆಂದ ಅಚ್ಚು ಹಾಕಲಿ, ಯಾರ ಹೆಸರು ಯಾವ ಮನೆಗೆ ಎನ್ನುವುದನ್ನು ಅದು ತೀರ್ಮಾನಿಸುವುದಿಲ್ಲವಲ್ಲ, ಹಾಗೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಗುಟ್ಟಿದೆ. ಪೈಥಾನ್ 3ರಲ್ಲಿ ಲೆಕ್ಕದ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು: ‘ಭತ್ತ’, ‘ಬೆಲೆ’, ‘ಚೀಲ’ ಎಲ್ಲ ನಡೆಯುತ್ತವೆ. ‘ಸಾಫ್ಟ್‌ವೇರ್’ ಎಂದು ಹೆಸರಿಟ್ಟು ನೋಡಿ, ನಡೆಯುವುದಿಲ್ಲ. ‘ಟ್’ ಮತ್ತು ‘ವೇ’ ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಡುವೆ ನಮ್ಮ ಕೀಬೋರ್ಡ್ ಒಂದು ಕಾಣದ ಗುರುತು ಹಾಕುತ್ತದೆ. ಅಗಲವೇ ಇಲ್ಲದ ಅಕ್ಷರ ಅದು. ಕಣ್ಣಿಗೆ ಸ್ಪೇಸಿನಷ್ಟೂ ಕಾಣುವುದಿಲ್ಲ, ಪೈಥಾನ್‌ಗೆ ಕಾಣುತ್ತದೆ, ಹೆಸರಿನೊಳಗೆ ಅದನ್ನು ಒಪ್ಪುವುದಿಲ್ಲ. ಉದ್ಧರಣ ಚಿಹ್ನೆಯೊಳಗಿನ ಬರಹದಲ್ಲಿ ಇದ್ದರೆ ತಕರಾರಿಲ್ಲ.

ಉಳಿದ ಖಾಲಿ ಜಾಗಗಳನ್ನು ಕಣ್ಣಿನಿಂದಲೇ ನೋಡಬೇಕೆಂದರೆ ವಿಎಸ್ ಕೋಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ರೆಂಡರ್ ವೈಟ್‌ಸ್ಪೇಸ್’ ಎಂದು ಹುಡುಕಿ ‘ಆಲ್’ ಆರಿಸಿ. ಸ್ಪೇಸ್ ಇದ್ದಲ್ಲೆಲ್ಲ ಸಣ್ಣ ಚುಕ್ಕೆ, ಟ್ಯಾಬ್ ಇದ್ದಲ್ಲಿ ಬಾಣ ಕಾಣುತ್ತದೆ. ಎರಡೂ ಬೆರೆತ ಸಾಲು ಯಾವುದು ಎಂದು ಎಣಿಸಬೇಕಾಗಿಲ್ಲ. ಚುಕ್ಕೆಗಳ ನಡುವೆ ಬಾಣ ನಿಂತಿರುತ್ತದೆ.